ದೋಣಿ ಬಿಟ್ಟು ಹಾರಿದವಳು

"ಫೇಲ್!"

ಎಲ್ಲರೆದುರೇ ಹೇಳಿಬಿಟ್ಟ ರುದ್ರೇಶ. ಸೂಪಾ ಹಿನ್ನೀರಿನ ದಂಡೆಯಲ್ಲಿ ಒದ್ದೆ ಬಟ್ಟೆಯಲ್ಲೇ ನಿಂತಿದ್ದ ನೀಲಂಗೆ ಮೈಯೆಲ್ಲ ಉರಿದುಹೋಯಿತು.

ಮುಳುಗುತ್ತಿದ್ದವನನ್ನು ಎಳೆದು ತಂದವಳು ತಾನು. ಎಳೆಸಿಕೊಂಡು ಬಂದವನು ಇವನು. ಫೇಲು ಮಾಡುವವನೂ ಇವನೇ!

ಮುಳುಗಿದ್ದು ನಾಟಕ, ನಿಜ. ಕಯಾಕ್ ದೋಣಿಯ ಗೈಡ್ ಆಗುವವರಿಗೆ ಅದೇ ಕೊನೆಯ ಪರೀಕ್ಷೆ. ಕಲಿಸಿದ ಗುರು ನೀರಿಗೆ ಬಿದ್ದು ಒದ್ದಾಡಬೇಕು, ಕಲಿತವರು ಕಾಪಾಡಬೇಕು. ಪಾಸಾದರೆ ಕ್ಯಾಂಪಿನಲ್ಲಿ ಕೆಲಸ. ಮಗಳಿಗೆ ಕೆಲಸ ಸಿಕ್ಕೇಬಿಟ್ಟಿತು ಎಂದು ಅವಳ ಅವ್ವ ಆಗಲೇ ಅಣಶಿ ಊರ ತುಂಬ ಹೇಳಿಕೊಂಡು ತಿರುಗಿದ್ದಳು. ಈಗ ಯಾವ ಮುಖ ಹೊತ್ತು ಮನೆಗೆ ಹೋಗುವುದು?

ಲೈಫ್ ಜಾಕೆಟ್ ಕಿತ್ತು ಅವನ ಕಾಲ ಬಳಿ ಎಸೆದಳು.

"ಐತವಾರದ ಸಿಟ್ಟು ಇವತ್ತ ತೀರಿಸ್ಕೊಂಡ್ರಿ, ಹೌದಿಲ್ಲೊ?"

ಕಳೆದ ಭಾನುವಾರ ಅಂಬೇವಾಡಿಯಲ್ಲಿ ಬಸ್ಸಿಗೆ ಕಾಯುವಾಗ, "ನನ್ನ ಲಗ್ನ ಆಗ್ತಿಯೇನ ನೀಲಂ?" ಎಂದು ಕೇಳಿದ್ದ. ಹೂಂ ಅನ್ನದೆ, ಊಹೂಂ ಅನ್ನದೆ ಅವಳು ಬಸ್ ಹತ್ತಿಬಿಟ್ಟಿದ್ದಳು.

"ಹಂಗಲ್ಲ ನೀಲಂ..."

"ಮತ್ತ ಹೆಂಗ? ಸಿದ್ದಿ ಹುಡುಗಿ, ಕೇಳಿದ ಕೂಡ್ಲೆ ಹೂಂ ಅಂತಾಳ ಅಂದ್ಕೊಂಡಿದ್ರಿ. ಅನ್ನಲಿಲ್ಲ. ಅದಕ್ಕ ಹೊಟ್ಟಿ ಮ್ಯಾಲ ಹೊಡದ್ರಿ!"

ಅಷ್ಟೇ! ರುದ್ರೇಶನೂ ಹಳಿಯಾಳದ ಗಂಡೇ. ಅವನ ಸಿಟ್ಟೂ ನೆತ್ತಿಗೇರಿತು.

"ನಾ ಏನ್ ಕಲಿಸೇನಿ? ಮುಳುಗಾಂವಗ ದೋಣಿ ಬಾಲ ಹಿಡಿಸಿ ಎಳ್ಕೊಂಡು ಬರಬೇಕು. ದೋಣಿ ಬಿಟ್ಟು ಹಾರಿದ್ರ ಅಂವ ನಿನ್ನೂ ಮುಳುಗಿಸ್ತಾನ! ನಿನ್ನಿ ಪ್ರಾಕ್ಟೀಸಿನಾಗ ನಿನ್ನ ಜೋಡಿ ಕಲಿಯೋ ಜೆರಾಲ್ಡ್ ಮೂರು ಸಲ ನೀರಿಗೆ ಬಿದ್ದ. ಮೂರೂ ಸಲ ದೋಣಿ ಬಿಟ್ಟು ಅಳ್ಳಾಡಲಿಲ್ಲ ನೀ. ಇವತ್ತ ಯಾಕ ಹುಚ್ಚಿ ಹಂಗ ಹಾರಿದಿ?"

"ಯಾಕಂದ್ರ... ಯಾಕಂದ್ರ ಮುಳುಗಾಂವ ನೀ ಇದ್ದಿ!"



ಅಯ್ಯೋ, ಏನಂದುಬಿಟ್ಟೆ! ನೀಲಂ ನಾಲಿಗೆ ಕಚ್ಚಿಕೊಂಡಳು. ನಾಟಕ ಎಂದು ಗೊತ್ತಿದ್ದರೂ, ಅವನ ತಲೆ ನೀರೊಳಗೆ ಹೋದ ಕ್ಷಣ ಅವಳ ಜೀವವೇ ಹೋದಂತಾಗಿತ್ತು. ಕಲಿತದ್ದೊಂದೂ ನೆನಪಿಗೆ ಬಂದಿರಲಿಲ್ಲ.

ರುದ್ರೇಶ ಬಗ್ಗಿ ಜಾಕೆಟ್ ಎತ್ತಿಕೊಂಡ. ದನಿ ಇಳಿದಿತ್ತು.

"ನಾಳೆ ಮತ್ತ ಪರೀಕ್ಷಾ ಇಡ್ತೇನಿ. ಜೆರಾಲ್ಡ್ ಬೀಳಲಿ..."

"ಯಾರೂ ಬ್ಯಾಡ. ನೀವ ಬೀಳ್ರಿ!"

ಮರುದಿನ ಬೆಳಿಗ್ಗೆ ಅವನೇ ಬಿದ್ದ. ಒದ್ದಾಡಿದ. ನೀಲಂ ಹುಟ್ಟು ಹಾಕುತ್ತ ಬಂದು ಎರಡು ಮಾರು ದೂರದಲ್ಲಿ ನಿಂತಳು. ಈ ಸಲ ದೋಣಿ ಬಿಡಲಿಲ್ಲ. ಅವನು ಎರಡು ಗುಟುಕು ನೀರು ಕುಡಿದ ಮೇಲೆಯೇ ದೋಣಿಯ ಬಾಲ ಅವನತ್ತ ತಿರುಗಿಸಿ ಕೊಟ್ಟಳು. ಹಿಂತಿರುಗಿಯೂ ನೋಡದೆ ದಂಡೆಗೆ ಎಳೆದು ತಂದಳು.

"ಪಾಸ್..." ಕೆಮ್ಮುತ್ತಲೇ ಹೇಳಿದ. "ಅಷ್ಟೊತ್ತು ಯಾಕ ನೀರು ಕುಡಿಸಿದಿ?"

"ಎಲ್ಲಾರ ಮುಂದ ಫೇಲ್ ಅಂದ್ರಲ್ಲಾ, ಅದಕ್ಕ."

"ಇನ್ನೂ ಸಿಟ್ಟು ಐತೇನು?"

"ಐತಿ. ಜಲ್ಮ ಪೂರ್ತಿ ಇರ್ತೈತಿ!" ನೀಲಂ ಮುಖ ಆಚೆ ತಿರುಗಿಸಿದಳು. ಕಣ್ಣು ತುಂಬಿದ್ದು ಅವನಿಗೆ ಕಾಣಬಾರದಿತ್ತು. "ತಡ್ಕೊಳ್ಳೂ ತಾಕತ್ತಿದ್ರ... ಅಣಶಿಗೆ ಬಂದು ನಮ್ಮ ಅವ್ವನ್ನ ಕೇಳ್ರಿ."