ಗಟ್ಟಿ ಉಂಡಿ, ಬೊಚ್ಚು ಬಾಯಿ

"ಠಣ್!"

ತಾಜಬೀ ಅಜ್ಜಿಯ ಕೈಯಿಂದ ಜಾರಿದ ಅಳ್ಳಿನ ಉಂಡಿ ಹಿತ್ತಾಳೆ ತಾಟಿನ ಮೇಲೆ ಬಿದ್ದು ಪುಟಿಯಿತು. ಒಂದು ಅಳ್ಳೂ ಉದುರಲಿಲ್ಲ. ಅಜ್ಜಿ ಉಂಡಿಯನ್ನು ನೋಡಿದಳು, ಪಂಪಾವತಿಯನ್ನು ನೋಡಿದಳು. ಆಮೇಲೆ ಬಾಯಿ ಅಗಲಿಸಿ ತೋರಿಸಿದಳು. ಅದರಲ್ಲಿ ಒಂದೂ ಹಲ್ಲಿರಲಿಲ್ಲ.

"ನೀವs ಗಟ್ಟಿ ಬೇಕು ಅಂದ್ರಲ್ರಿ ಅಜ್ಜಿ!" ಎಂದಳು ಪಂಪಾವತಿ. ಅವಳಿಗೆ ಅಳುವೇ ಬಂದಿತ್ತು.

ಅಜ್ಜಿ, ಪಕ್ಕದ ಮನೆಯ ಉಮರಸಾಬ ಮಾಸ್ತರರ ತಾಯಿ. ಔರಂಗಾಬಾದಿನಿಂದ ಕುಷ್ಟಗಿಗೆ ಹೊಸದಾಗಿ ಬಂದವಳು, ಕನ್ನಡ ಬಾರದು. ಬಂದವಳೇ ಜ್ವರ ಹಿಡಿದು ಮಲಗಿದಳು. ಜ್ವರವೇನೋ ಬಿಟ್ಟಿತು, ಆದರೆ ಬಾಯಿಗೆ ರುಚಿಯೇ ಹತ್ತದು. ಗಂಜಿ ಕೊಟ್ಟರೂ ದೂರ ತಳ್ಳುತ್ತಿದ್ದಳು. ಹೀಗೇ ಉಣ್ಣದಿದ್ದರೆ ಏನು ಗತಿ ಎಂದು ಮಾಸ್ತರರಿಗೆ ಚಿಂತೆ.

ಅಂದು ಬೆಳಿಗ್ಗೆ ಪಂಪಾವತಿಯ ಅವ್ವ ಕಳಕಮ್ಮ ಪಂಚಮಿಗೆಂದು ಜೋಳದ ಅಳ್ಳು ಹುರಿಯುತ್ತಿದ್ದಳು. "ಪಾಪ, ಆ ಅಜ್ಜಿಗೂ ಒಂದೆರಡು ಉಂಡಿ ಕೊಡೂಣು. ಎಂಥಾದು ಸೇರತೈತೋ ಏನೋ. ಮಾಸ್ತರ ಬರ್ಲಿ, ಕೇಳಿದ್ರಾತು" ಎಂದಳು.

"ಮಾಸ್ತರ ಯಾಕ ಬೇಕು? ನಂಗs ಉರ್ದು ಬರತೈತಿ!"

ಆಗ ನಿಜಾಮರ ರಾಜ್ಯ. ಸಾಲೆಯಲ್ಲಿ ಎಲ್ಲರೂ ಉರ್ದು ಕಲಿಯಬೇಕಿತ್ತು. ಪಂಪಾವತಿ ಕಲಿತದ್ದು ಬೆರಳೆಣಿಕೆಯಷ್ಟು ಮಾತು, ಜಂಬ ಮಾತ್ರ ಊರಗಲ. ಓಡಿಹೋಗಿ ಕೇಳಿಯೇಬಿಟ್ಟಳು.

"ಖಟ್ಟಾ ಹೋನಾ, ಬೇಟಿ" ಎಂದಿದ್ದಳು ಅಜ್ಜಿ.

ಹೋನಾ ಎಂದರೆ ಬೇಕು. ಅದು ಗೊತ್ತಿತ್ತು. ಖಟ್ಟಾ? ಬೊಚ್ಚು ಬಾಯಲ್ಲವೇ, ಗಟ್ಟಿ ಎನ್ನಲು ಹೋಗಿ ಹಾಗೆ ಅಂದಿರಬೇಕು! ಹಲ್ಲಿಲ್ಲದವಳಿಗೆ ಗಟ್ಟಿ ಉಂಡಿ ಯಾಕೆ ಎಂಬ ಅನುಮಾನವೂ ಒಮ್ಮೆ ಇಣುಕಿತು. ನಮ್ಮ ಜಾಣೆ ಅದನ್ನು ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ. ಅವ್ವ "ಸಾಕು, ಇಳಸು" ಎಂದರೂ ಕೇಳದೆ, ಉಂಡಿ ಗಟ್ಟಿಯಾಗಲೆಂದು ಬೆಲ್ಲದ ಪಾಕವನ್ನು ಕುದಿಸಿಯೇ ಕುದಿಸಿದಳು.

ಈಗ ಮಾಸ್ತರರು ಒಳಗೆ ಬಂದರು. ನಡೆದದ್ದನ್ನು ಕೇಳಿ, ತಲೆಯ ಟೋಪಿ ಜಾರುವಷ್ಟು ನಕ್ಕರು.

"ಖಟ್ಟಾ ಅಂದ್ರ ಹುಳಿ, ಪಂಪಾವತಿ! ಅಮ್ಮಾಗ ಹುಳಿ ಹುಳಿ ತಿನಬೇಕು ಅನಿಸೇತಿ."

ಪಂಪಾವತಿಗೆ ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ಓಡಿಹೋಗಬೇಕು ಎಂದು ತಿರುಗಿದಳು. ಅಷ್ಟರಲ್ಲಿ ಅಜ್ಜಿ ಆ ಉಂಡಿಯನ್ನೇ ಎತ್ತಿಕೊಂಡು, ಹುಡುಗಿಯ ಮನಸ್ಸು ನೋಯಬಾರದೆಂದು ಮೆಲ್ಲಗೆ ನೆಕ್ಕತೊಡಗಿದಳು. ಪಂಪಾವತಿ ಹಿಂದಿರುಗಿದಳು.

"ತಡೀರಿ ಅಜ್ಜಿ, ಬಂದೆ!" ಎಂದು ಉಂಡಿಗಳನ್ನು ಉಡಿಗೆ ಹಾಕಿಕೊಂಡು ಮನೆಗೆ ಹಾರಿದಳು. ಒರಳಿಗೆ ಹಾಕಿ ಧಡ್ ಧಡ್ ಎಂದು ಕುಟ್ಟಿದಳು. ಅಳ್ಳು, ಶೇಂಗಾ, ಎಳ್ಳು, ಬೆಲ್ಲ ಎಲ್ಲ ಪುಡಿಪುಡಿಯಾಯಿತು.

"ಅವ್ವಾ, ಹುಳಿಗೆ ಹುಣಸಿಹಣ್ಣು ಹಾಕ್ಲಿ?"

"ಬ್ಯಾಡ, ಲಿಂಬಿಹಣ್ಣು ಹಿಂಡು. ಅದಕ್ಕೂ ಮೊದಲ ಮ್ಯಾಲಿನ ಸಿಪ್ಪಿ ಅಷ್ಟs ತುರಕೋ. ಒಳಗಿನ ಬಿಳೇದು ಬಂತಂದ್ರ ಕಹಿ ಆಕ್ಕೈತಿ, ನೋಡು."

ಪಂಪಾವತಿ ಉಸಿರು ಬಿಗಿಹಿಡಿದು ತುರಿದು, ಪುಡಿಗೆ ಬೆರೆಸಿದಳು. ಲಿಂಬೆಯ ಘಮ ಮನೆಯೆಲ್ಲ ಹಬ್ಬಿತು. ರಸ ಬಿದ್ದದ್ದೇ ಪುಡಿ ಮೆತ್ತಗಾಯಿತು.

ಬಟ್ಟಲು ಮುಂದಿಟ್ಟಾಗ ಅಜ್ಜಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿಹೋದವು, ಮೋರೆ ಹಿಂಡಿಹೋಯಿತು. ಆಮೇಲೆ ಲೊಚ್ಚನೆ ನಾಲಿಗೆ ಚಪ್ಪರಿಸಿ, ಮತ್ತೊಂದು ಹಿಡಿ ತೆಗೆದುಕೊಂಡಳು. ಮಾಸ್ತರರು ಈಗ ನಗುತ್ತಿರಲಿಲ್ಲ. ತಾಯಿ ತಿನ್ನುವುದನ್ನೇ ನೋಡುತ್ತ ನಿಂತಿದ್ದರು.

ಬಟ್ಟಲು ಬರಿದಾಯಿತು. ಅಜ್ಜಿ ಸರಸರನೆ ಏನೋ ಹೇಳಿದಳು. ಪಂಪಾವತಿಗೆ ತಿಳಿದದ್ದು ಕೊನೆಯ "ಹೋನಾ" ಒಂದೇ.

"ಗೊತ್ತಾತ್ರಿ!" ಎನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಚಾಪೆಯ ಮೇಲೆ ಅಜ್ಜಿಯ ಹತ್ತಿರ ಸರಿದು ಕುಳಿತಳು.

"ಅಂದ್ರ ಏನ್ರಿ, ಅಜ್ಜಿ?"

ಅಜ್ಜಿ ನಗುತ್ತ ಬರಿದಾದ ಬಟ್ಟಲನ್ನು ಅವಳ ಕೈಗಿಟ್ಟಳು.