ಕಪ್ಪು ಹೊದಿಕೆಯ ಅಂಚು

ಬೆಳಗ್ಗೆ ಏಳಕ್ಕೆ ಹ್ಯಾಂಗರಿನ ಬಾಗಿಲು ತೆರೆಯಿತು. ವಿಮಾನದ ಎಡ ರೆಕ್ಕೆಯ ಅಡಿಯಲ್ಲಿ ಹಿಂದಿನ ರಾತ್ರಿಯವರೆಗೂ ಇದ್ದ ಅಂಗೈಯಗಲದ ಹೊದಿಕೆ ಕಾಣೆಯಾಗಿತ್ತು. ಕಪ್ಪು ಮೈಯ ನಡುವೆ ಬರಿಯ ಲೋಹ ಹೊಳೆಯುತ್ತಿತ್ತು.

ಅದು 1984, ನೆವಾಡದ ಮರುಭೂಮಿ. ಇಂಥದೊಂದು ವಿಮಾನ ಇದೆಯೆಂದೇ ಹೊರಗಿನವರಿಗೆ ತಿಳಿದಿರಲಿಲ್ಲ. ವಿಚಿತ್ರ ಆಕಾರ, ರೇಡಾರ್ ಅಲೆ ನುಂಗುವ ಹೊದಿಕೆ. ಎರಡೂ ಸೇರಿ ರೇಡಾರ್ ಪರದೆಯ ಮೇಲೆ ಅದನ್ನು ಗುಬ್ಬಿಯಷ್ಟಾಗಿಸುತ್ತಿದ್ದವು.

ಭದ್ರತಾ ಅಧಿಕಾರಿ ವೆಂಡೆಲ್ ಓಪಿಟ್ಸ್ ಬರುವಷ್ಟರಲ್ಲಿ ಕಾವಲಿನವರು ಕಸ ಗುಡಿಸುವ ರೊಸಾಲ್ಬಾಳನ್ನು ಹಿಡಿದು, ಕೋಳ ತೊಡಿಸಿ ಕೂರಿಸಿದ್ದರು. ಅವಳ ಬಕೆಟ್ಟಿನಲ್ಲಿ ಕಪ್ಪು ಚೂರುಗಳಿದ್ದವು.

"ಗುಡಿಸಿದೆ ಸಾರ್. ನನ್ನ ಕೆಲಸವೇ ಅದು. ಮನೇಲಿ ಇಬ್ಬರು ಮಕ್ಕಳಿದ್ದಾರೆ."

"ಮಕ್ಕಳು ದೊಡ್ಡೋರಾದ ಮೇಲೆ ನೋಡ್ತೀಯ ಬಿಡು," ಎಂದ ಬಣ್ಣದ ವಿಭಾಗದ ಮೇಸ್ತ್ರಿ ಥರ್ಲೋ ಮ್ಯಾಬ್ರಿ. "ಇದಕ್ಕೆ ಇಪ್ಪತ್ತು ವರ್ಷ ಜೈಲು."

* * *

ಓಪಿಟ್ಸ್ ಭೂತಗನ್ನಡಿ ಹಿಡಿದು ರೆಕ್ಕೆಯಡಿ ಮಲಗಿದ. ಕೊಯ್ದ ಅಂಚು ನೇರವಾಗಿರಲಿಲ್ಲ, ಗರಗಸದ ಹಲ್ಲಿನಂತಿತ್ತು. ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದ. ವಿಮಾನದ ಚಕ್ರ ಮುಚ್ಚುವ ಬಾಗಿಲಿನ ಅಂಚಿಗೆ ಹಿಡಿದು ನೋಡಿದ. ಅದೇ ಓರೆ.

"ಮೇಸ್ತ್ರಿಗಳೇ, ಈ ಬಾಗಿಲಿಗೆ ಹಲ್ಲು ಯಾಕೆ?"

"ನೇರ ಅಂಚಾದ್ರೆ ಅಲೆ ಬಂದ ದಾರಿಗೇ ವಾಪಸ್ ಹೋಗುತ್ತೆ. ಓರೆ ಇದ್ರೆ ಪಕ್ಕಕ್ಕೆ ಜಾರುತ್ತೆ."

"ಹೊದಿಕೆ ಕೊಯ್ಯುವಾಗಲೂ ಹೀಗೇನಾ?"

"ಯಾವಾಗ್ಲೂ. ನೇರ ಕೊಯ್ದರೆ ನಾನು ಕೈಗೇ ಬಡೀತೀನಿ."

"ಯಾರ‍್ಯಾರಿಗೆ ಬರುತ್ತೆ?"

"ಇಡೀ ನೆಲೇಲಿ ನನ್ನನ್ನೂ ಸೇರಿ ಮೂವರಿಗೆ. ಅವರಿಬ್ಬರಿಗೂ ನಾನೇ ಕಲಿಸಿದ್ದು."

"ಉಳಿದಿಬ್ಬರು ಎಲ್ಲಿ?"

"ಸೋಮವಾರದಿಂದ ರಜೆ..."

ಮ್ಯಾಬ್ರಿಯ ಕಣ್ಣು ತನ್ನ ಊಟದ ಡಬ್ಬಿಯತ್ತ ಹೋಯಿತು.

* * *

ತುಂಡು ಅವನ ಊಟದ ಡಬ್ಬಿಯಲ್ಲಿ, ಬ್ರೆಡ್ಡಿನ ಕೆಳಗೆ ಸಿಕ್ಕಿತು.

"ಹೆಂಡ್ತಿ ಆಸ್ಪತ್ರೇಲಿದ್ದಾಳೆ," ಎಂದ ಮ್ಯಾಬ್ರಿ. "ಇನ್ನು ಹೆಚ್ಚು ದಿನ ಇಲ್ಲ. ನಾನು ಫ್ರಿಜ್ಜಿಗೆ ಬಣ್ಣ ಹೊಡಿಯೋನು ಅಂದ್ಕೊಂಡಿದ್ದಾಳೆ. ನಾನು ನಿಜವಾಗಿ ಮಾಡೋ ಕೆಲಸಾನ ಒಂದ್ಸಲ ಮುಟ್ಟಿಸ್ಬೇಕಿತ್ತು."

ಓಪಿಟ್ಸ್ ಕಣ್ಣು ಕೊಯ್ದ ಅಂಚಿನಿಂದ ಸರಿಯಲಿಲ್ಲ. ಐದು ನಿಮಿಷದ ಕಳ್ಳತನ, ಎದೆ ಹೊಡೆದುಕೊಳ್ಳುತ್ತಿದ್ದಿರಬೇಕು. ಆದರೂ ಒಂದು ಹಲ್ಲೂ ಕೂದಲೆಳೆಯಷ್ಟು ತಪ್ಪಿರಲಿಲ್ಲ. ಗಾಯ ಮಾಡುವಾಗಲೂ ಆ ಕೈ ವಿಮಾನವನ್ನು ಶತ್ರುವಿನ ಕಣ್ಣಿಂದ ಬಚ್ಚಿಟ್ಟಿತ್ತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಓಪಿಟ್ಸ್ ಇಂಥ ಕೈಯನ್ನು ಕಂಡಿರಲಿಲ್ಲ.

ಅವನೇ ಹೋಗಿ ರೊಸಾಲ್ಬಾಳ ಕೋಳ ಬಿಚ್ಚಿದ. ಅಂಚಿನ ಕಥೆಯನ್ನೂ ಹೇಳಿದ.

ಅವಳು ಮಣಿಕಟ್ಟು ತಿಕ್ಕಿಕೊಳ್ಳುತ್ತ ವಿಮಾನದತ್ತ ನೋಡಿದಳು.

"ಅದರ ಮೇಲೆ ಅಷ್ಟೊಂದು ಕಾಳಜಿ ಆ ಮನುಷ್ಯನಿಗೆ," ಎಂದಳು. "ನನ್ನನ್ನ ಮಾತ್ರ ಇಪ್ಪತ್ತು ವರ್ಷಕ್ಕೆ ಕಳಿಸ್ತಿದ್ದ."