ಕನ್ನಡಿಗೆ ತಾಗಿದ ಕೈಬಿಸಿ

"ರಿಜೆಕ್ಟ್."

ಅನಂತಪುರದ ನಮ್ಮ ಪುಟ್ಟ ವರ್ಕ್‌ಶಾಪಿಗೆ ಬಂದು ಅರ್ಧ ಗಂಟೆಯಲ್ಲೇ ಗೌರೀಶಂಕರ ರಿಪೋರ್ಟಿನಲ್ಲಿ ಅಷ್ಟೇ ಬರೆದುಬಿಟ್ಟ. ಗುಜರಾತಿನ ಲ್ಯಾಬಿನಿಂದ ಕನ್ನಡಿ ಪರೀಕ್ಷಿಸಲು ಬಂದ ಇಂಜಿನಿಯರ್. ಊರು ಇಲ್ಲೇ ಪಕ್ಕದ ಸೀತಾಂಗೋಳಿಯಂತೆ. ನೋಡಲು ಚಂದವೇ ಇದ್ದ. ಅದಕ್ಕೇ ನನ್ನ ಸಿಟ್ಟು ಇನ್ನಷ್ಟು ಏರಿತು.

ನಾನು, ಈ ವಸುಮತಿ, ಎರಡು ತಿಂಗಳು ಕೈಯಲ್ಲೇ ಉಜ್ಜಿ ಪಾಲಿಶ್ ಮಾಡಿದ ಸ್ಟೀಲ್ ಕನ್ನಡಿ ಅದು! ಸೂರ್ಯನೊಳಗಿನಂಥ ಬೆಂಕಿಯನ್ನು ಭೂಮಿಯಲ್ಲಿ ಹೊತ್ತಿಸುವ ಯಂತ್ರದಲ್ಲಿ ಕೂರಬೇಕಾದದ್ದು. ಲೇಸರ್ ಆ ಬೆಂಕಿಯನ್ನು ಹಾದು, ಕನ್ನಡಿಗೆ ಬಡಿದು, ಬಂದ ದಾರಿಯಲ್ಲೇ ಮರಳಿದರೆ ಒಳಗಿನ ಅಳತೆ ಸಿಗುತ್ತದೆ. ಇದು ಕೆಟ್ಟರೆ ಆರ್ಡರ್ ವಿದೇಶದ ಪಾಲು. ನಮ್ಮೂರಿನವರ ಕೈಯಲ್ಲಿ ಆಗುವುದಿಲ್ಲ ಎಂಬ ಮಾತು ನನ್ನ ತಲೆಗೆ.

"ಗೆರೆ ಬಾಗಿದ್ದು ಕಾಣ್ತದಲ್ಲ?" ಎಂದ. ಕನ್ನಡಿಯ ಮೇಲೆ ಪರೀಕ್ಷೆಯ ಗಾಜಿಟ್ಟು ಹಳದಿ ದೀಪದಡಿ ನೋಡಿದರೆ ಗೆರೆಗಳು ಮೂಡುತ್ತವೆ. ಕನ್ನಡಿ ಸಪಾಟಾಗಿದ್ದರೆ ಅವು ನೇರ.

"ಕಾಲು ಗಂಟೆ ಅದನ್ನು ಅಂಗೈಯಲ್ಲಿ ಹಿಡ್ಕೊಂಡು ಎಂತ ಮಾಡಿದ್ರಿ ನೀವು?" ಎಂದು ಕೇಳಿದೆ.

"ಗ್ಲೌಸ್ ಹಾಕಿದ್ದೆ!"

"ಗ್ಲೌಸ್ ಬೆರಳಚ್ಚು ತಡೀತದೆ, ಬಿಸಿ ತಡೆಯುದಿಲ್ಲ. ನಿಮ್ಮ ಕೈಬಿಸಿಗೆ ಲೋಹ ಉಬ್ಬಿದ್ದು. ಕೆಳಗಿಡಿ. ಒಂದು ಗಂಟೆ ಮುಟ್ಟಬೇಡಿ."

"ನನಗೆ ಸಂಜೆ ಮಂಗಳೂರಿಂದ ಟ್ರೈನ್ ಉಂಟು."

"ನನಗೆ ಎರಡು ತಿಂಗಳ ಕೆಲಸ ಉಂಟು."

ಕೂತ. ಚಾ ಕುಡಿದ. ಕನ್ನಡಿಗಿಂತ ಹೆಚ್ಚು ನನ್ನನ್ನೇ ನೋಡಿದ. ನಾನು ಕಂಡೂ ಕಾಣದ ಹಾಗಿದ್ದೆ, ಆದರೆ ಎರಡು ಸಲ ಜಡೆ ಸರಿಮಾಡಿಕೊಂಡದ್ದು ಸುಳ್ಳಲ್ಲ. ಟ್ರೈನಿನ ಹೊತ್ತು ಮೀರಿತು.

ಮತ್ತೆ ದೀಪದಡಿ ಇಟ್ಟೆವು. ಗೆರೆಗಳೆಲ್ಲ ನೇರ!

ಅವನು ರಿಜೆಕ್ಟ್ ಹೊಡೆದುಹಾಕಿ ಪಾಸ್ ಎಂದು ಬರೆದ.

"ಅಷ್ಟು ಸಾಕಾಗುದಿಲ್ಲ. ಮೊದಲು ಯಾಕೆ ತಪ್ಪಿತು ಅಂತಲೂ ಬರೀರಿ."

ಅವನ ಮುಖ ಕೆಂಪಾಯಿತು. ಆದರೂ ಬರೆದ: 'ತಪ್ಪಿಗೆ ಕಾರಣ, ಪರೀಕ್ಷಿಸಿದವನ ಕೈಬಿಸಿ.' ಕೆಳಗೆ ಪೂರ್ತಿ ಹೆಸರು ಹಾಕಿ ಸಹಿ ಮಾಡಿದ. ಆಗಲೇ ಅವನು ನನಗೆ ಇಷ್ಟವಾಗಿಬಿಟ್ಟ. ಹೇಳಲಿಲ್ಲ ಅಷ್ಟೆ.

ನಾಲ್ಕು ತಿಂಗಳ ಮೇಲೆ ಒಂದು ಮಧ್ಯಾಹ್ನ ಬಾಗಿಲಲ್ಲಿ ಅವನೇ, ಏದುಸಿರು ಬಿಡುತ್ತಾ.

"ಲೇಸರ್ ಹೋದ ದಾರಿಯಲ್ಲೇ ವಾಪಸ್ ಬಂತು ಮಾರಾಯ್ರೆ! ಕನ್ನಡಿ ಯಾರದ್ದು ಅಂತ ಎಲ್ಲರೂ ಕೇಳಿದ್ರು. ನಮ್ಮೂರಿನ ವಸುಮತಿಯದ್ದು ಅಂದೆ."

ಹೆಮ್ಮೆಯಿಂದ ನನ್ನ ಕಣ್ಣು ತುಂಬಿತು. "ಇದನ್ನು ಫೋನಲ್ಲಿ ಹೇಳಬಹುದಿತ್ತಲ್ಲ?"

"ಇನ್ನೊಂದು ವಿಷಯ ಉಂಟು. ಅದು ಫೋನಲ್ಲಿ ಆಗುದಿಲ್ಲ." ನನ್ನ ಕೈ ಹಿಡಿದ. ಮರುಕ್ಷಣವೇ ಗಾಬರಿಯಾದ. "ಒಂದು ಗಂಟೆ ಮುಟ್ಟಬಾರದಾ?"

"ಅದು ಕನ್ನಡಿಗೆ," ಎಂದೆ. "ನೀವು ಬಿಡಬೇಡಿ."